ಏಳು ವರ್ಷದ ಜಾಡಿ

ಕೊಣನೂರಿನ ಸಂತೆಮಾಳದಿಂದ ಹೊಳೆ ಕಡೆಗೆ ಇಳಿಯುವ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ, ಮುದ್ದಮ್ಮನ ಮನೆ ಎಲ್ಲಿ ಎಂದು ಕೇಳಿ ನೋಡಿ. "ಜ್ವರವೋ, ಬಾಣಂತಿಯೋ?" ಎಂದು ಅವರೇ ತಿರುಗಿ ಕೇಳುತ್ತಾರೆ. ಆ ಮನೆಯ ಬಾಗಿಲಿಗೆ ಗುರುತಿಲ್ಲದವರು ಬರುವುದು ಈ ಎರಡಕ್ಕೇ. ಜ್ವರ ಬಿಟ್ಟರೂ ಅನ್ನ ಸೇರದವರಿಗೆ, ಹೆತ್ತು ಮಲಗಿ ಬಾಯಿ ಕಹಿಯಾದವರಿಗೆ ಮುದ್ದಮ್ಮನ ಹಳೇ ಹೇರಳೆ ಉಪ್ಪಿನಕಾಯಿಯ ಒಂದು ಹೋಳು ಸಾಕು, ಸತ್ತ ನಾಲಿಗೆ ಎದ್ದು ಕೂರುತ್ತದೆ ಎಂದು ಅರಕಲಗೂಡು ಸೀಮೆಯ ಮಾತು.

ಮುದ್ದಮ್ಮ ಓದಿದವಳಲ್ಲ. ಹದಿನೆಂಟಕ್ಕೆ ರಾಗಿ ಮಿಲ್ಲಿನ ದೇವರಾಜುವನ್ನು ಕಟ್ಟಿಕೊಂಡು ಬಂದಾಗ ಹಿತ್ತಲಲ್ಲಿ ಅತ್ತೆ ನೆಟ್ಟ ಹೇರಳೆ ಮರವಿತ್ತು, ಕತ್ತಲೆ ಕೋಣೆಯಲ್ಲಿ ಮೂರು ಪಿಂಗಾಣಿ ಜಾಡಿಗಳಿದ್ದವು. ಕಾಯಿಯನ್ನು ಬಟ್ಟೆಯಲ್ಲಿ ಒರೆಸು, ನೆರಳಲ್ಲಿ ಬಾಡಿಸು, ಎಂಟು ಹೋಳು ಮಾಡು. ಒಂದು ಪದರ ಹೋಳು, ಒಂದು ಪದರ ಕಲ್ಲುಪ್ಪು, ನಡುನಡುವೆ ಇಂಗು, ಮೆಂತ್ಯ. ಆಮೇಲೆ ಕಾಯುವುದು. ಮೂರು ವರ್ಷಕ್ಕೆ ಅದು ಜೇನಿನ ಬಣ್ಣ, ಐದಕ್ಕೆ ಬೆಲ್ಲದ ಬಣ್ಣ, ಏಳಕ್ಕೆ ಇದ್ದಿಲ ಕಪ್ಪು. ಅತ್ತೆ ಹೇಳಿಕೊಟ್ಟ ಕಟ್ಟಳೆ ಒಂದೇ ಒಂದು ಸಲವೂ ತಪ್ಪಿರಲಿಲ್ಲ: ದೊಡ್ಡ ಜಾಡಿಯ ಬಾಯಿ ತಿಂಗಳಿಗೊಮ್ಮೆ ಬಿಚ್ಚಬೇಕು, ಬೇಕಾದಷ್ಟನ್ನು ಸಣ್ಣ ಸೀಸೆಗೆ ತೆಗೆದು ಮತ್ತೆ ಬಿಳಿ ಬಟ್ಟೆ ಬಿಗಿದು ಕಟ್ಟಬೇಕು. ಆಷಾಢದ ಗಾಳಿ ಎದ್ದಮೇಲೆ ದೀಪಾವಳಿ ಕಳೆಯುವವರೆಗೆ ಬಿಚ್ಚಲೇಬಾರದು. ಮಳೆಗಾಲದ ತೇವದ ಗಾಳಿ ಒಳಗೆ ಹೋದರೆ ಏಳು ವರ್ಷದ ಕಾಯುವಿಕೆ ಏಳು ದಿನದಲ್ಲಿ ಕೆಟ್ಟುಹೋಗುತ್ತದೆ. ನಲವತ್ತು ವರ್ಷದಲ್ಲಿ ಮುದ್ದಮ್ಮನ ಒಂದು ಜಾಡಿಯೂ ಬೂಷ್ಟು ಹಿಡಿದಿರಲಿಲ್ಲ.

ಹೊಳೆನರಸೀಪುರದಿಂದ ಕಾಮಾಕ್ಷಮ್ಮ ಎನ್ನುವ ಅರ್ಚಕರ ಮನೆಯಾಕೆ ವರ್ಷಕ್ಕೊಮ್ಮೆ ತಮ್ಮದೇ ಗಾಜಿನ ಸೀಸೆಗಳನ್ನು ಹಿಡಿದು ಬಸ್ಸಿನಲ್ಲಿ ಬರುತ್ತಿದ್ದರು. "ನಿಮ್ಮನೆ ನೀರು ಕುಡಿಯಲ್ಲ ಕಣೇ ಮುದ್ದಮ್ಮ, ಬೇಜಾರು ಮಾಡ್ಕೋಬೇಡ. ಉಪ್ಪಿಗೆ ಮೈಲಿಗೆ ಇಲ್ಲ ನೋಡು" ಎನ್ನುತ್ತಿದ್ದರು. "ನೀರು ಕುಡೀದಿದ್ರೆ ಬುಡ್ರಮ್ಮ, ಮೂರು ಸೀಸೆ ತುಂಬಿಸ್ಕಂಡು ಓಯ್ತೀರಲ್ಲ" ಎಂದು ಜಗಲಿಯಿಂದ ದೇವರಾಜು ನಗುತ್ತಿದ್ದ.

ಆ ದೇವರಾಜುವಿಗೇ ಎರಡು ಕಿಡ್ನಿಯೂ ಕೈಕೊಟ್ಟವು.

ಕಾರ್ತಿಕದಲ್ಲಿ ಕಾಲು ಊದಿಕೊಂಡಿತು, ಮಾರ್ಗಶಿರದ ಹೊತ್ತಿಗೆ ವಾರಕ್ಕೆರಡು ಸಲ ಹಾಸನಕ್ಕೆ ಹೋಗಿ ಡಯಾಲಿಸಿಸ್ ಮಾಡಿಸುವುದು ಶುರುವಾಯಿತು. ಆಸ್ಪತ್ರೆಯವರು ಏನೇನು ತಿನ್ನಬಾರದು ಎಂದು ಅಚ್ಚು ಹಾಕಿದ ಒಂದು ಹಾಳೆ ಕೊಟ್ಟರು. ಸೊಸೆ ಸಿಂಧು ಅದನ್ನು ಅಡುಗೆಮನೆ ಗೋಡೆಗೆ ಅಂಟಿಸಿ ಓದಿದಳು. ಉಪ್ಪು ಬಿಡಬೇಕು. ಹಪ್ಪಳ, ಎಳನೀರು, ಬಾಳೆಹಣ್ಣು ಬಿಡಬೇಕು. ನೀರು ದಿನಕ್ಕೆ ನಾಲ್ಕು ಲೋಟ. ಉಪ್ಪಿನಕಾಯಿ ಎನ್ನುವ ಪದದ ಕೆಳಗೆ ಕೆಂಪು ಗೆರೆ ಎಳೆದಿದ್ದರು.

"ಅಲ್ಲಾ ಕಣವ್ವ, ಆ ಗೆರೆ ಎಳೆದೋರಿಗೆ ನಾನು ಯಾರ ಗಂಡ ಅಂತ ಯಾರು ಯೋಳುದ್ರು?" ಎಂದ ದೇವರಾಜು. ಯಾರೂ ನಗಲಿಲ್ಲ.

ಸಿಂಧು ಒಳ್ಳೆಯ ಹುಡುಗಿ, ಮಾವನೆಂದರೆ ಜೀವ. ಕಣ್ಣೆದುರಿಗಿದ್ದರೆ ಆಸೆ ತಡೆಯುವುದಿಲ್ಲವೆಂದು ಇದ್ದಬದ್ದ ಜಾಡಿಗಳನ್ನೆಲ್ಲ ನೆಂಟರಿಗೆ ಸಾಗಹಾಕಿದಳು. ಮುದ್ದಮ್ಮನೇ ಕೈಯಾರೆ ಎತ್ತಿ ಆಟೋಗೆ ಇಟ್ಟಳು. ಉಳಿದದ್ದು ಒಂದೇ. ಮಗಳು ರೂಪಶ್ರೀಯ ಮದುವೆಯಾದ ವರ್ಷ, ಅವಳ ಬಾಣಂತನಕ್ಕೆಂದು ಹಾಕಿ ಹಿಂದಿನ ಮೂಲೆಗೆ ಸರಿಸಿದ್ದ ಜಾಡಿ. ಚನ್ನರಾಯಪಟ್ಟಣದಲ್ಲಿ ಸಂಸಾರ ಹೂಡಿದ ರೂಪಶ್ರೀಗೆ ಏಳು ವರ್ಷವಾದರೂ ಮಗುವಾಗಿರಲಿಲ್ಲ. ಆ ಜಾಡಿಯನ್ನು ಕೊಡುವುದಕ್ಕೆ ಮುದ್ದಮ್ಮನಿಗೆ ಮನಸ್ಸು ಬರಲಿಲ್ಲ. "ಅದೊಂದು ಇರ್ಲಿ ಬುಡವ್ವ" ಎಂದಳು. ಸಿಂಧು ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ಅತ್ತೆಗೇ ಕೊಟ್ಟಳು.

ಉಪ್ಪಿಲ್ಲದ ಮುದ್ದೆ, ಉಪ್ಪಿಲ್ಲದ ಸಾರು. ದೇವರಾಜು ಮೊದಲು ಎರಡು ತುತ್ತು ನುಂಗಿದ, ಆಮೇಲೆ ಒಂದು. ಕೊನೆಗೆ ತಟ್ಟೆ ನೋಡಿದರೇ ಮುಖ ತಿರುಗಿಸತೊಡಗಿದ. ತೂಕ ಇಳಿಯಿತು, ಅಂಗಿ ಮೊಳೆಗೆ ನೇತುಹಾಕಿದ ಹಾಗಾಯಿತು. ಹಾಸನದ ಡಾಕ್ಟರು ಮಗ ಶಶಿಕುಮಾರನನ್ನು ಪಕ್ಕಕ್ಕೆ ಕರೆದು, "ಹೊಟ್ಟೆಗೆ ತಿನ್ನದಿದ್ದರೆ ಮೆಷಿನ್ನು ತಡೆಯೋ ಶಕ್ತಿ ಬರಲ್ಲ. ಹೇಗಾದರೂ ಮಾಡಿ ಊಟ ಮಾಡಿಸಿ" ಎಂದರು. ಆ 'ಹೇಗಾದರೂ' ಮುದ್ದಮ್ಮನ ಮಡಿಲಿಗೆ ಬಂದು ಬಿತ್ತು. ಊರಿನ ನಾಲಿಗೆಗಳನ್ನೆಲ್ಲ ಎಬ್ಬಿಸಿದವಳಿಗೆ ಸ್ವಂತ ಗಂಡನ ನಾಲಿಗೆ ಎಬ್ಬಿಸಲು ಬರುವುದಿಲ್ಲವೇ?

ಪುಷ್ಯದಲ್ಲಿ ಮರ ತುಂಬ ಕಾಯಿ. ಯಾರಿಗೂ ಹೇಳದೆ ನಾಲ್ಕು ಕಾಯಿ ಕಿತ್ತು, ಹೋಳು ಮಾಡಿ, ಬಿಸಿಲಲ್ಲಿ ಗರಿಗರಿ ಒಣಗಿಸಿ, ಮೆಣಸಿನಪುಡಿ, ಹುರಿದ ಮೆಂತ್ಯ, ನಿಂಬೆ ರಸ ಹಾಕಿ ಸೀಸೆಗೆ ತುಂಬಿದಳು. ಒಂದು ಹರಳು ಉಪ್ಪಿಲ್ಲ. ಕೈ ತನ್ನಷ್ಟಕ್ಕೆ ತಾನೇ ಉಪ್ಪು ತುಂಬಿದ ಮರದ ಮರಿಗೆಯ ಕಡೆಗೆ ಹೋಗುತ್ತಿತ್ತು. ಎಡಗೈಯಿಂದ ಅದನ್ನು ಹಿಡಿದು ಎಳೆದುಕೊಂಡಳು. ಒಂಬತ್ತನೆಯ ದಿನ ಬಟ್ಟೆ ಬಿಚ್ಚಿದರೆ ಹೋಳುಗಳ ಮೇಲೆಲ್ಲ ಹಸಿರು ಬೂಷ್ಟು, ಬೆಕ್ಕಿನ ಮರಿಯ ಕೂದಲಿನ ಹಾಗೆ.

ಹಿತ್ತಲ ತಿಪ್ಪೆಗೆ ಸುರಿಯುವಾಗ ದೇವರಾಜು ಕಿಟಕಿಯಿಂದ ನೋಡಿದ.

"ಏನಮ್ಮಿ ಅದು?"

"ಏನಿಲ್ಲ ಬುಡಿ. ಕೆಟ್ಟೋಗಿತ್ತು."

"ನಿನ್ ಕೈಯಾಗೆ ಕೆಟ್ಟೋಯ್ತಾ?" ಕಿಟಕಿಯ ಸರಳಿಗೆ ಮುಖ ತಂದು ಕೇಳಿದ: "ಉಪ್ಪು ಆಕ್ನಿಲ್ವಾ?"

ಅವಳು ಸೀಸೆಯನ್ನು ತಿಪ್ಪೆಯ ಮೇಲೆ ಬೋರಲು ಹಿಡಿದು ತಟ್ಟಿದಳು.

"ಉಪ್ಪಿಲ್ದೆ ಕಾಯೇ ಒಂಬತ್ತು ದಿನ ಉಳೀನಿಲ್ಲ. ನಾನು ಎಷ್ಟು ದಿನ ಉಳೀತೀನಿ ಯೋಳು" ಎಂದು ಕಿಟಕಿ ಬಿಟ್ಟು ಹೋದ. ಮುದ್ದಮ್ಮ ಸೀಸೆಯನ್ನು ಬೂದಿ ಹಾಕಿ ಉಜ್ಜಿದಳು, ತೊಳೆದಳು, ಮತ್ತೆ ಉಜ್ಜಿದಳು.

ಬೇಸಿಗೆಗೆ ಇನ್ನೊಂದು ಉಪಾಯ ಹೊಳೆಯಿತು. ಉಪ್ಪುನೀರಲ್ಲಿಟ್ಟ ಮಾವಿನಕಾಯಿಯನ್ನು ಸಾರಿಗೆ ಹಾಕುವ ಮುನ್ನ ನೀರಲ್ಲಿ ನೆನೆಸಿ ಉಪ್ಪು ಬಿಡಿಸುವುದಿಲ್ಲವೇ? ರೂಪಶ್ರೀಯ ಜಾಡಿಯಿಂದ ಒಂದೇ ಒಂದು ಹೋಳು ತೆಗೆದು ನೀರಿಗೆ ಹಾಕಿದಳು. ಮೂರು ದಿನ, ದಿನಕ್ಕೆ ನಾಲ್ಕು ಸಲ ನೀರು ಬದಲಿಸಿದಳು. ಮೊದಲ ನೀರು ಕಾಫಿಯ ಹಾಗಿತ್ತು, ಕೊನೆಯದು ಬಾವಿಯ ನೀರಿನಷ್ಟೇ ತಿಳಿ. ಡಯಾಲಿಸಿಸ್ ಕೊಡುವ ನರ್ಸಮ್ಮನನ್ನು ಫೋನಿನಲ್ಲಿ ಕೇಳಿದ್ದಕ್ಕೆ ಅವಳು ಬೈದು, ಬೈದು, ಕೊನೆಗೆ "ಕಡ್ಲೆಕಾಳಷ್ಟು, ಒಂದೇ ಸಲ ಅಮ್ಮಾ" ಎಂದಿದ್ದಳು. ಕಡಲೆಕಾಳಿನಷ್ಟನ್ನು ಮುದ್ದೆಯ ತುದಿಗೆ ಅಂಟಿಸಿ ಕೊಟ್ಟಳು. ದೇವರಾಜು ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಹೊರಳಿಸಿದ. ಮುಖ ಅರಳುತ್ತದೇನೋ ಎಂದು ಅವಳು ಬಗ್ಗಿ ನೋಡುತ್ತಿದ್ದಳು.

"ಬೆಂಡು ಅಗ್ದಂಗೆ ಐತೆ ಕಣಮ್ಮಿ" ಎಂದ. ಅವಳ ಮುಖ ನೋಡಿ, "ಒಳ್ಳೆ ಬೆಂಡು" ಎಂದು ಸೇರಿಸಿದ.

ಮುಂದಿನ ತಿಂಗಳು ಗೊರೂರಿನಿಂದ ಒಬ್ಬಾಕೆ ಬಂದಳು. ಚಿಕ್ಕಲಕ್ಷ್ಮಮ್ಮ ಎಂದು ಹೆಸರು, ಸೊಸೆ ಹೆತ್ತು ಹತ್ತು ದಿನವಂತೆ, ಊಟ ಸೇರುತ್ತಿಲ್ಲವಂತೆ. ಮುದ್ದಮ್ಮ ಬಾಗಿಲಲ್ಲೇ ನಿಂತು ಬಾಳಿನಲ್ಲಿ ಮೊದಲ ಸಲ ಇಲ್ಲ ಎಂದಳು.

"ಎರಡು ಬಸ್ಸು ಬದಲಾಯಿಸ್ಕಂಡು ಬಂದೀನಿ ಕಣಕ್ಕ. ಒಂದು ಹೋಳು. ಅಂಗೆ ಬರಿಗೈಯಾಗೆ ಕಳಿಸ್ತೀಯಾ?"

ಒಳಗಿನಿಂದ ದೇವರಾಜುವಿನ ದನಿ ಬಂತು: "ಕೊಟ್ಟು ಕಳ್ಸಮ್ಮಿ! ಯಾರ ಬಾಯಾದ್ರೂ ರುಚಿ ಕಾಣ್ಲಿ!" ಮುದ್ದಮ್ಮ ಬೀಗ ತೆಗೆದು ಎರಡು ಹೋಳು ಕೊಟ್ಟಳು.

ಆಷಾಢದ ಗಾಳಿ ಎದ್ದಿತು. ಜಿಟಿಜಿಟಿ ಮಳೆ, ಒಣಗದ ಬಟ್ಟೆ. ದೇವರಾಜುವಿಗೆ ಒಂದು ತುತ್ತೂ ಇಳಿಯುತ್ತಿರಲಿಲ್ಲ. ಹಾಸನಕ್ಕೆ ಹೋಗುವಾಗ ಶಶಿ ಅವನನ್ನು ಕಾರಿಗೆ ಎತ್ತಿಯೇ ಕೂರಿಸಬೇಕಾಗಿತ್ತು. ಒಂದು ಮಧ್ಯಾಹ್ನ ತಟ್ಟೆ ಮುಂದಿಟ್ಟಾಗ ಅವನು ಮೆಲ್ಲಗೆ ಹೇಳಿದ:

"ತಿನ್ನಾಕೆ ಕೇಳಲ್ಲ ಕಣಮ್ಮಿ. ಜಾಡಿ ತಂದು ಬಾಯಿ ಬಿಚ್ಚು. ವಾಸನೆ ನೋಡ್ತೀನಿ. ವಾಸನೇಲಿ ಉಪ್ಪಿರಾಕಿಲ್ಲ ಅಲ್ವಾ?"

ಮುದ್ದಮ್ಮ ಅಲ್ಲೇ ನಿಂತಳು. ಆಷಾಢದಲ್ಲಿ ಬಿಚ್ಚುವುದೆಂದರೆ! ಸಿಂಧು ಒಲೆಯ ಬಳಿಯಿಂದ, "ಅತ್ತೆ, ಅದು ರೂಪಕ್ಕನ ಜಾಡಿ" ಎಂದಳು, ಮೆಲುದನಿಯಲ್ಲಿ, ಬೇಡ ಎನ್ನುವಂತೆಯೂ ಅಲ್ಲ. ಮುದ್ದಮ್ಮ ಸೆರಗಿನ ಗಂಟಿನಿಂದ ಬೀಗದ ಕೈ ತೆಗೆದಳು. ಜಾಡಿಯನ್ನು ಮಗುವಿನ ಹಾಗೆ ಎದೆಗವಚಿ ತಂದು ಅವನ ಮಂಚದ ಪಕ್ಕ ಇಟ್ಟು ಬಟ್ಟೆ ಬಿಚ್ಚಿದಳು.

ಇಂಗು, ಮೆಂತ್ಯ, ಹಳೇ ಕಾಯಿಯ ಆ ಕಪ್ಪು ಹುಳಿ ಕೋಣೆ ತುಂಬಿತು. ದೇವರಾಜು ಉಸಿರೆಳೆದ. ಬಾಯಲ್ಲಿ ನೀರು ಬಂದದ್ದು ಗಂಟಲಿನ ಗೋಲಿ ಮೇಲೆ ಕೆಳಗೆ ಆಡಿದ್ದರಿಂದಲೇ ಅವಳಿಗೆ ಗೊತ್ತಾಯಿತು. ತುತ್ತು ಮಾಡಿ ಕೊಟ್ಟಳು, ನುಂಗಿದ. ಇನ್ನೊಂದು, ಮತ್ತೊಂದು. ಅರ್ಧ ಮುದ್ದೆ ಹೋಯಿತು. ಸಿಂಧು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದಳು.

ಅಂದಿನಿಂದ ದಿನಕ್ಕೆರಡು ಸಲ ಜಾಡಿ ಬಾಯಿ ಬಿಚ್ಚಿತು. ಡಾಕ್ಟರು ತೂಕ ನೋಡಿ, "ಅರ್ಧ ಕೇಜಿ ಏರಿದೆ, ಏನು ಕೊಟ್ಟಿರಿ?" ಎಂದರು. "ಏನೂ ಕೊಟ್ಟಿಲ್ಲ ಸಾ" ಎಂದಳು ಮುದ್ದಮ್ಮ. ನಿಜವನ್ನೇ ಹೇಳಿದ್ದಳು.

ಶ್ರಾವಣದ ಎರಡನೆಯ ವಾರ ಜಾಡಿಯ ಮೇಲ್ಪದರದಲ್ಲಿ ಬಿಳಿಯ ಕೆನೆಯಂಥದ್ದು ಕಾಣಿಸಿತು. ಒಣ ಸೌಟಿನಿಂದ ತೆಗೆದು ಹಾಕಿದಳು. ಮೇಲೆ ಒಂದು ಹಿಡಿ ಕಲ್ಲುಪ್ಪು ಸುರಿದಳು. ಮೂರು ದಿನಕ್ಕೆ ಮತ್ತೆ ಕೆನೆ. ಬಿಚ್ಚದೆ ಬಿಟ್ಟರೆ ಜಾಡಿ ಉಳಿಯಬಹುದು. ಬಿಚ್ಚದಿದ್ದರೆ ಅವನು ಉಣ್ಣುವುದಿಲ್ಲ. ಒಂದು ದಿನ ಖಾಲಿ ಸಣ್ಣ ಸೀಸೆಯನ್ನೇ ಅವನ ಮೂಗಿಗೆ ಹಿಡಿದು ನೋಡಿದಳು. "ನನ್ನ ಮೂಗಿಗೇನೂ ರೋಗ ಬಂದಿಲ್ಲ ಕಣೇ" ಎಂದು ಅವನು ಗೋಡೆ ಕಡೆ ತಿರುಗಿ ಮಲಗಿದ. ಹೊಸ ಕಾಯಿಗೆ ಪುಷ್ಯ ಬರಬೇಕು, ಹೊಸ ಜಾಡಿ ಕಪ್ಪಾಗಲು ಏಳು ವರ್ಷ ಬೇಕು. ನೆಂಟರಿಗೆ ಹೋದ ಜಾಡಿಗಳನ್ನು ಕೇಳಿ ನೋಡಿದಳು; ಎಲ್ಲರ ಮನೆಯಲ್ಲೂ ಅವು ಎಂದೋ ಮುಗಿದಿದ್ದವು, ಎಲ್ಲರೂ ಬಹಳ ರುಚಿಯಾಗಿತ್ತು ಎಂದರು.

ಗೌರಿಹಬ್ಬದ ಹಿಂದಿನ ದಿನ ಬಟ್ಟೆ ಬಿಚ್ಚಿದಾಗ ಮುದ್ದಮ್ಮನಿಗೆ ಒಂದೇ ಉಸಿರಿಗೆ ತಿಳಿಯಿತು. ಇಂಗಿನ ಅಡಿಯಿಂದ ಕೊಳೆತ ಎಲೆಯ ನಾತ ಎದ್ದು ಬರುತ್ತಿತ್ತು. ಜಾಡಿ ಕೆಟ್ಟುಹೋಗಿತ್ತು. ಮುಚ್ಚೋಣವೆಂದು ಕೈ ಎತ್ತಿದಳು. ಅಷ್ಟರಲ್ಲಿ ದೇವರಾಜು ಕತ್ತು ಮುಂದೆ ಚಾಚಿದ್ದ.

ಅವನು ಉಸಿರೆಳೆದ. ಹುಬ್ಬು ಒಂದು ಚೂರು ಗಂಟಾಯಿತು. ನಲವತ್ತು ವರ್ಷ ಆ ಕೋಣೆಯ ಗಾಳಿಯಲ್ಲೇ ಉಂಡವನು, ಅವನಿಗೆ ತಿಳಿಯದೇ ಇರುತ್ತದೆಯೇ? ಅವಳ ಕಡೆ ನೋಡಿದ. ಅವಳು ತಟ್ಟೆಯಲ್ಲಿ ಮುದ್ದೆ ಮುರಿಯುತ್ತ ತಲೆ ತಗ್ಗಿಸಿದ್ದಳು.

"ಆಹಾ" ಎಂದ ದೇವರಾಜು. "ಏನು ಘಮ ಕಣಮ್ಮಿ."

ಬಾಯಿ ತೆರೆದ. ತುತ್ತು ಗಂಟಲಲ್ಲಿ ನಿಂತಿತು. ಕಷ್ಟಪಟ್ಟು, ಕಣ್ಣಲ್ಲಿ ನೀರು ಬರುವಂತೆ, ನುಂಗಿದ. ಸುಳ್ಳು ಹೇಳುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು, ಅವಳಿಗೆ ಗೊತ್ತಿದೆಯೆಂದು ಅವನಿಗೂ. ಜಾಡಿಯ ಬಾಯಿ ಅವರಿಬ್ಬರ ನಡುವೆ ಬಿಚ್ಚಿಕೊಂಡೇ ಇತ್ತು. ಹೊರಗೆ ಮಳೆ ಬಿಟ್ಟಿರಲಿಲ್ಲ.

"ಇನ್ನೊಂದು ತಕ್ಕಳಿ" ಎಂದು ಮುದ್ದಮ್ಮ ಎರಡನೆಯ ತುತ್ತನ್ನು, ಮೊದಲನೆಯದಕ್ಕಿಂತ ಚಿಕ್ಕದಾಗಿ, ಉಂಡೆ ಕಟ್ಟಿದಳು.