ಕರಡಿ ಗಂಟೆ, ಮಂಡಿನೋವು

ಟಿಣ್, ಟಿಣ್, ಟಿಣ್. ಜಪಾನಿನ ಕೋಬೆಯ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಈ ಸದ್ದಾಯಿತೆಂದರೆ ಗುರುವಾರ ಎಂದೇ ಲೆಕ್ಕ. ಮೇಲಿನ ಮನೆಯ ಫುಮಿಕೋ-ಸಾನ್ ಚೀಲಕ್ಕೆ ಕರಡಿ ಗಂಟೆ ಕಟ್ಟಿಕೊಂಡು ಟೀಗೆ ಇಳಿದು ಬರುತ್ತಿದ್ದಾರೆ. ಉತ್ತರದ ಹೊಕ್ಕೈಡೋ ಕಾಡಿನಲ್ಲಿ ನಡೆಯುವವರು 'ಬರುತ್ತಿದ್ದೇವೆ, ಸ್ವಲ್ಪ ಸರಿಯಿರಿ' ಎಂದು ಕರಡಿಗೆ ತಿಳಿಸಲು ಕಟ್ಟಿಕೊಳ್ಳುವ ಗಂಟೆ ಅದು. ಈ ದೇಶದಲ್ಲಿ ಕರಡಿಗೂ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎನ್ನದೆ ಮುಂದೆ ಹೋಗುವಂತಿಲ್ಲ. ಆ ಕಾಡಿಗೆ ನಾವಿಬ್ಬರೂ ಹೊರಡಬೇಕಿದ್ದದ್ದು ಅಕ್ಟೋಬರಿನಲ್ಲಿ. ಗಂಟೆಯ ಪ್ರಾಕ್ಟೀಸ್ ಏಪ್ರಿಲಿನಿಂದಲೇ ಶುರು.

ನನಗೆ ಎಪ್ಪತ್ನಾಲ್ಕು, ಅವರಿಗೆ ಎಂಬತ್ತೊಂದು. ಸರೋವರದ ದಡದ ಮರದ ಕ್ಯಾಬಿನ್, ಸೌದೆ ಒಲೆ, ನಾಲ್ಕು ದಿನ, ಫೋನ್ ಸಿಗ್ನಲ್ ಇಲ್ಲ. 'ರಸ್ಟಿಕ್' ಎಂದು ಬ್ರೋಷರಿನಲ್ಲಿತ್ತು. ಕಾನ್ವೆಂಟಿನಲ್ಲಿ ಓದಿದವಳ ದೌರ್ಬಲ್ಯ ನೋಡಿ: ಒಲೆ ಊದಿ ನೀರು ಕಾಯಿಸು ಎಂದರೆ ಮುಖ ಸಿಂಡರಿಸುತ್ತೇನೆ, ರಸ್ಟಿಕ್ ಎಂದರೆ ಸೂಟ್‌ಕೇಸ್ ಇಳಿಸುತ್ತೇನೆ.

ನನ್ನ ಪ್ಲಾನಿಂಗ್ ಎಂದರೆ ಗೊಜ್ಜವಲಕ್ಕಿ, ಚಟ್ನಿಪುಡಿ, ಉಳಿದದ್ದು ಹೋದಮೇಲೆ ನೋಡಿಕೊಂಡರಾಯಿತು. ಅವರು ಪ್ರೈಮರಿ ಶಾಲೆಯ ರಿಟೈರ್ಡ್ ಟೀಚರ್. ಪ್ರವಾಸಕ್ಕೆ ಮುಂಚೆ 'ಶಿಯೋರಿ' ಎಂಬ ಪುಟ್ಟ ಪುಸ್ತಕ ಹೊಲಿದು, ನಿಮಿಷ ನಿಮಿಷದ ಕಾರ್ಯಕ್ರಮ ಬರೆಯುವುದು ಇಲ್ಲಿನ ಪದ್ಧತಿ. ಒಂಬತ್ತು ನಲವತ್ತೆರಡಕ್ಕೆ ಟ್ರೇನು. ಮರುದಿನ ಒಂದೂವರೆಯಿಂದ ಒಂದು ಐವತ್ತರವರೆಗೆ ಸರೋವರ ನೋಡಿ ಬೆರಗಾಗುವುದು.

"ಇಪ್ಪತ್ತೊಂದನೆಯ ನಿಮಿಷಕ್ಕೂ ಬೆರಗು ಮುಗಿಯದಿದ್ದರೆ?" ಎಂದೆ.

"ಸರೋಜಾ-ಸಾನ್, ನೀವು ಅಲ್ಲೇ ಇರಿ. ಕರಡಿ ಕಂಪನಿ ಕೊಡುತ್ತದೆ."

ಆಗಸ್ಟಿನಲ್ಲಿ ಒಂದು ದಿನ ಅವರು ನಮ್ಮ ಬೀದಿಯ ಮೂಲೆಯ ಕೊಂಬಿನಿ ಅಂಗಡಿಯ ಬಾಗಿಲಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದರು. ಮನೆ ಯಾವ ಕಡೆ ಎಂದು ಗೊತ್ತಾಗುತ್ತಿರಲಿಲ್ಲ. ಅವರು ನಕ್ಕರು, ನಾನೂ ನಕ್ಕೆ. ಮುಂದಿನ ಗುರುವಾರ ಹೊಸ ಶಿಯೋರಿ ಬಂತು. ಮೊದಲ ದಿನ ಒಂಬತ್ತು ನಲವತ್ತೆರಡರ ಟ್ರೇನು. ಎರಡನೆಯ ದಿನವೂ. ರೈಲು ಹಳಿಯೇ ಇಲ್ಲದ ಸರೋವರದ ದಡದಿಂದ ಮೂರನೆಯ ದಿನವೂ. ಅಕ್ಷರ ಮಾತ್ರ ಮುತ್ತಿನಂತೆ.

ಅದೇ ವಾರ ನಗೋಯಾದಿಂದ ಅವರ ಮಗಳ ಫೋನ್. "ನೀವು ಜೊತೆಗಿದ್ದೀರಿ ಅನ್ನುವ ಧೈರ್ಯದ ಮೇಲೆ ಅಮ್ಮನನ್ನು ಕಳಿಸುತ್ತಿದ್ದೇನೆ." ಆಕೆ ಫೋನಿನಲ್ಲೇ ಬಾಗಿ ನಮಸ್ಕರಿಸಿದ್ದು ನನಗೆ ಕೇಳಿಸಿತು. ಹಾಲಿನ ಪ್ಯಾಕೆಟ್ಟಿನ ಸಂಗತಿ ನಾಲಿಗೆಯ ತುದಿಗೆ ಬಂತು, ಹವಾಮಾನದ ಮಾತಾಡಿ ಫೋನ್ ಇಟ್ಟೆ. ಹೇಳಿದರೆ ಗೆಳತಿಗೆ ದ್ರೋಹ, ಹೇಳದಿದ್ದರೆ ಮಗಳಿಗೆ. ಅಂದಿನಿಂದ ನನ್ನ ತಲೆಯಲ್ಲಿ ಬರೀ ಬೆಳಗಿನ ಮಂಜು, ಉರಿಯುವ ಒಲೆ, ತೆರೆದ ಬಾಗಿಲು, ಹತ್ತು ಹೆಜ್ಜೆಗೆ ನೀರು. ಅವರ ಹಿಂದೆ ಓಡಲು ನನ್ನ ಈ ಎಪ್ಪತ್ನಾಲ್ಕರ ಕಾಲು! ಟಿಣ್ ಎಂದರೆ ಸಾಕು, ಬಾಗಿಲು ತೆರೆದು ಮೆಟ್ಟಿಲು ನೋಡುತ್ತಿದ್ದೆ.

ಕೊನೆಗೆ ಆ ಕಾಲಿನದೇ ಸುಳ್ಳು ಹೇಳಿದೆ. ವೈಟ್ ಲೈಗೆ ಕಾನ್ವೆಂಟಿನ ಸಿಸ್ಟರ್‌ಗಳು ಬೆಂಚಿನ ಮೇಲೆ ಮಾತ್ರ ನಿಲ್ಲಿಸುತ್ತಿದ್ದರು, ಹೊರಗೆ ಕಳಿಸುತ್ತಿರಲಿಲ್ಲ. "ಮಂಡಿನೋವು, ಫುಮಿಕೋ-ಸಾನ್. ಟ್ರಿಪ್ ಬೇಡ."

ಅವರು ನನ್ನ ಮಂಡಿ ನೋಡಿದರು. ಶಿಯೋರಿಯನ್ನು ನನ್ನ ಕಡೆ ಸರಿಸಿದರು.

"ಯಾವ ಪುಟದಲ್ಲಿ ಗೊತ್ತಾಯಿತು?"

ತೋರಿಸಿದೆ. ಕನ್ನಡಕ ಹಾಕಿಕೊಂಡು ಮೂರೂ ಪುಟ ಓದಿದರು. "ಟ್ರೇನು ಪಂಕ್ಚುಯಲ್ ಅಂತೂ ಹೌದು," ಎಂದರು. ಆಮೇಲೆ ನನ್ನ ಮನೆಯಿಂದಲೇ ಮಗಳಿಗೆ ತಾವೇ ಫೋನ್ ಮಾಡಿದರು. ನಾನು ಅಡುಗೆಮನೆಗೆ ಹೋಗಿ, ತೊಳೆದಿದ್ದ ಕಪ್ಪನ್ನೇ ಮತ್ತೆ ತೊಳೆದೆ.

ಅವರನ್ನು ಕಡೆಯ ಸಲ ನೋಡಿದ್ದು ಅಕ್ಟೋಬರಿನಲ್ಲಿ, ಮಗಳು ಅವರನ್ನು ತನ್ನ ಮನೆಗೆ ಕರೆದೊಯ್ಯಲು ಕಾರು ತಂದ ದಿನ. ಚೀಲಕ್ಕೆ ಕಟ್ಟಿದ ಗಂಟೆ ಹಾಗೇ ಇತ್ತು.

"ಅಮ್ಮಾ, ನಗೋಯಾದ ನಮ್ಮ ಬೀದಿಯಲ್ಲಿ ಕರಡಿ ಎಲ್ಲಿ? ಬಿಚ್ಚಿಬಿಡು."

"ಕರಡಿಗಲ್ಲ, ನಿನಗೆ. ನಾನು ಎಲ್ಲಿದ್ದೇನೆ ಅಂತ ನಿನಗೆ ತಿಳಿಯಬೇಕಲ್ಲ."

ನನ್ನ ಕಡೆ ತಿರುಗಿ, ಮಂಡಿ ಜೋಪಾನ ಎಂದರು, ನಗದೆ. ಕಾರು ತಿರುವಿನಲ್ಲಿ ಮರೆಯಾಯಿತು. ನಾನು ಗೇಟಿನ ಬಳಿ ನಿಂತೇ ಇದ್ದೆ. ಶಿಯೋರಿಯ ಇಪ್ಪತ್ತು ನಿಮಿಷ ಯಾವಾಗಲೋ ಮೀರಿತ್ತು. ಕರಡಿ ಮಾತ್ರ ಕಂಪನಿಗೆ ಬರಲಿಲ್ಲ.