ಏಡಿಯ ನಕ್ಷೆ

ಮಾವಳ್ಳಿಯ ನಮ್ಮ ಮನೆಗೆ ಅಣ್ಣ ಸಮುದ್ರದ ಏಡಿ ತರುತ್ತಾನೆ, ನಾನು ಕಾಗದದ ಏಡಿ ಮಾಡುತ್ತೇನೆ. ಯಾರ ಏಡಿಗೆ ಮರ್ಯಾದೆ ಹೆಚ್ಚೆಂದು ಬೇರೆ ಹೇಳಬೇಕಾಗಿಲ್ಲ. ಅವನದು ಬೋಟು, ನಾನು ಹೊನ್ನಾವರದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಜಾಗ ಒಂದೇ, ಬಾವಿ ಒಂದೇ, ಒಲೆಯೂ ಒಂದೇ.

ಮಾಡುತ್ತೇನೆ ಎಂದೆನಲ್ಲ, ಅದು ಸುಳ್ಳು. ಮೂರು ವರ್ಷದಲ್ಲಿ ಒಂದೂ ಪೂರ್ತಿಯಾಗಿರಲಿಲ್ಲ. ದೋಣಿ, ಕಪ್ಪೆ ಮಡಚುವುದು ಮಕ್ಕಳಾಟ. ನನ್ನದು ನಕ್ಷೆಯ ಹುಚ್ಚು. ಯಾರೋ ಪುಣ್ಯಾತ್ಮರು ತಾವು ಮಡಚಿದ ಏಡಿಯನ್ನು ಪೂರ್ತಿ ಬಿಚ್ಚಿ, ಅದರ ಮಡಿಕೆಗಳನ್ನೆಲ್ಲ ಗೆರೆ ಎಳೆದು ಇಂಟರ್ನೆಟ್ಟಿಗೆ ಹಾಕುತ್ತಾರೆ. ಕೆಂಪು ಗೆರೆ ಮೇಲಕ್ಕೇಳುವ ಮಡಿಕೆ, ನೀಲಿ ಗೆರೆ ಒಳಕ್ಕಿಳಿಯುವುದು. ಯಾವುದು ಮೊದಲು, ಯಾವುದು ಆಮೇಲೆ? ಉಹುಂ, ಹೇಳುವುದಿಲ್ಲ. ಕೊನೆಗೆ ಎಲ್ಲವೂ ಒಮ್ಮೆಲೇ ಕುಸಿದು ಏಡಿಯಾಗಬೇಕು. ನನ್ನವು ಕುಸಿಯುತ್ತಿದ್ದವು, ಏಡಿ ಮಾತ್ರ ಆಗುತ್ತಿರಲಿಲ್ಲ.

ಈ ಮಳೆಗಾಲ ನಾನು ಹಿಡಿದದ್ದು ಶರಾವತಿಯ ಕೆಸರಲ್ಲಿ ಓಡಾಡುವ, ಕಚ್ಚುವ ಕೊಂಬುಗಳಲ್ಲಿ ಒಂದು ಮಾತ್ರ ದೊಡ್ಡದಿರುವ ಏಡಿಯ ನಕ್ಷೆ. ಕಾಗದದ ಚೌಕದ ಈಶಾನ್ಯ ಮೂಲೆಯಲ್ಲಿ ಆ ಕೊಂಬಿಗೆಂದೇ ಒಂದು ದೊಡ್ಡ ವೃತ್ತವಿತ್ತು. ಅಷ್ಟು ದೊಡ್ಡ ಪ್ರಿಂಟ್ ತೆಗೆಯುವ ಅಂಗಡಿ ಹೊನ್ನಾವರದಲ್ಲಿ ಇರುವುದೇ ಜಮೀನಿನ ನಕ್ಷೆ ತೆಗೆಸುವವರಿಗಾಗಿ.

“ಸರ್ವೆ ನಂಬರ್ ಎಷ್ಟು ಮಾಸ್ತರೇ?” ಎಂದ ಅಂಗಡಿಯವ.

ಇದು ಏಡಿ ಎಂದೆ. ಅವನು ಎಲ್ಲ ಬಲ್ಲವನ ಹಾಗೆ ನಕ್ಕು ಸುರುಳಿ ಸುತ್ತಿ ಕೊಟ್ಟ.

ಮಳೆಗಾಲಕ್ಕೆ ಮೀನುಗಾರಿಕೆ ನಿಂತು ಬೋಟು ದಡದ ಮೇಲೆ ಹತ್ತಿದ್ದರಿಂದ ಅಣ್ಣ ಮನೆಯಲ್ಲೇ ಇದ್ದ. ಅತ್ತಿಗೆ ಗುಡಿಸುವಾಗ ಸುರುಳಿ ಬಿಚ್ಚಿಕೊಂಡಿತು. ನಾನು ಶಾಲೆಯಿಂದ ಬರುವಷ್ಟರಲ್ಲಿ ಅವನು ಅದನ್ನು ಜಗಲಿಯಲ್ಲಿ ಹಾಸಿ ಕೂತಿದ್ದ.

“ಜಾಗದಲ್ಲಿ ಹಿಸ್ಸೆ ಬೇಕಾದ್ರೆ ಬಾಯಿಬಿಟ್ಟು ಕೇಳೂದಲ್ವಾ? ಕಳ್ಳನ ಹಂಗೆ ನಕ್ಷೆ ಮಾಡ್ಸೂದು ಎಂತಕ್ಕೆ? ಬಾವಿಗೆ ಗೋಲ ಬೇರೆ ಹಾಕ್ಸಿದ್ದೀಯ!”

ನಮ್ಮ ಬಾವಿ ಇರುವುದೂ ಈಶಾನ್ಯದಲ್ಲೇ, ನನ್ನ ಗ್ರಹಚಾರ.

“ಬರೀ ಕಾಗದ ಅಣ್ಣಾ ಅದು,” ಎಂದೆ.

“ಕಾಗದ ಬರೀ ಕಾಗದ ಆಗಿದ್ರೆ ತಾಲೂಕಾಪೀಸಿಗೆ ಜನ ಎಂತಕ್ಕೆ ಹೋಗ್ತಿದ್ರು?”

ಹದಿನೈದು ದಿನ ಮಾತು ಬಿಟ್ಟ. ನನಗೆ ಹೇಳಬೇಕಾದ್ದನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದ. ಬರೀ ಕಾಗದ, ಬರೀ ಕಾಗದ ಎಂದು ನಾನೂ ಬೆಕ್ಕಿಗೇ ಉತ್ತರ ಕೊಡುತ್ತಿದ್ದೆ. ಒಂದು ಭಾನುವಾರ ಅವನಿಗೇ ತಡೆಯಲಾಗಲಿಲ್ಲ.

“ಏಡಿ ಅಲ್ದಾ? ಹಂಗಾದ್ರೆ ಮಡಚಿ ತೋರ್ಸು.”

ಏಡಿ ಆಗದಿದ್ದರೆ ಅದು ಹಿಸ್ಸೆಯೇ ಎಂದು ಸಾಬೀತಾಗುತ್ತದೆ. ಕಾಗದವೋ ಮಳೆಗಾಲದ ಹಪ್ಪಳದಷ್ಟು ಮೆತ್ತಗಿತ್ತು. ಅತ್ತಿಗೆ ಪಾಪ, ಇಸ್ತ್ರಿ ಕಾಯಿಸಿ ಅದರ ತಂಡಿ ತೆಗೆದುಕೊಟ್ಟರು. ಬೆಳಗಿನಿಂದ ಒಂದೊಂದೇ ಗೆರೆ ಮಡಚಿದೆ. ಅಣ್ಣ ಎದುರಿಗೆ ಸರ್ವೇಯರನ ಹಾಗೆ ಕೂತಿದ್ದ. ಮಧ್ಯಾಹ್ನ ಎಲ್ಲ ಒಟ್ಟಿಗೆ ಒಳಕ್ಕೆ ತಳ್ಳುವಾಗ ಹಿಂದಿನ ಕಾಲುಗಳು ಬಿಚ್ಚಿ ಬಿಚ್ಚಿ ಬಂದವು.

“ಕೊಡಿಲ್ಲಿ, ನಿನ್ನ ಕೈಲಿ ಎಂತ ಆಗ್ತದೆ!” ಎಂದು ಬಲೆ ಕಟ್ಟಿದ ಬೆರಳುಗಳಲ್ಲಿ ಅವನೇ ಅವುಗಳನ್ನು ಒತ್ತಿ ಹಿಡಿದ. ಕಾಗದ ಕುಸಿಯಿತು. ಈಶಾನ್ಯದ ವೃತ್ತ ನಮ್ಮಿಬ್ಬರ ಕಣ್ಣೆದುರೇ ಕೊಂಬಾಗಿ ಎದ್ದಿತು.

“ಏಡಿಯೇ ಹೌದಲಾ ಮಾರಾಯ!” ಎಂದು ನನ್ನ ಬೆನ್ನಿಗೊಂದು ಗುದ್ದಿದ. ಆ ಗುದ್ದು ಬಿದ್ದಾಗ ಆದ ಸಂತೋಷ ಮೂರು ವರ್ಷದ ಯಾವ ಮಡಿಕೆಯಲ್ಲೂ ಸಿಕ್ಕಿರಲಿಲ್ಲ. ಅತ್ತಿಗೆಗೂ ಖುಷಿಯಾಗಿ ಅಣ್ಣನಿಗೆ, “ಆತಲ್ಲ, ಹಂಗಾದ್ರೆ ನೀವು ಬರ್ಸಿದ್ದನ್ನೂ ಹರ್ದು ಬಿಸಾಡಿ,” ಎಂದರು.

ಅಣ್ಣ ಅವರನ್ನು ದುರುಗುಟ್ಟಿ ನೋಡಿದ.

“ಎಂತ ಬರ್ಸಿದ್ದು?” ಎಂದೆ.

ಅಣ್ಣ ಎದ್ದು ಕಪಾಟಿನಿಂದ ನಾಲ್ಕು ಮಡಿಕೆಯ ಒಂದು ಹಾಳೆ ತಂದು ಮುಂದಿಟ್ಟ. ನಮ್ಮ ಜಾಗದ ನಕ್ಷೆ, ನಡುವೆ ಒಂದು ಕೆಂಪು ಗೆರೆ. ಬಾವಿ ಅವನ ಕಡೆಗಿತ್ತು. ಕೆಳಗಿದ್ದ ತಾರೀಕು ಬೋಟುಗಳು ಮೇಲೆ ಹತ್ತುವುದಕ್ಕೂ ಮೊದಲಿನದು; ನನ್ನ ಏಡಿ ಆಗಿನ್ನೂ ಇಂಟರ್ನೆಟ್ಟಿನಲ್ಲೇ ಇತ್ತು. ಸಿಟ್ಟು ಬರಬೇಕಿತ್ತು, ಅಳು ಬಂತು.

ಅಣ್ಣ ನೆಲ ನೋಡುತ್ತ, “ಬರೀ ಕಾಗದ ಮಾರಾಯ ಅದು,” ಎಂದ.

ಹದಿನೈದು ದಿನ ನಾನು ಹೇಳಿದ್ದೂ ಇದನ್ನೇ. ಅವನು ನಂಬಿರಲಿಲ್ಲ. ನಾನೂ ನಂಬಲಿಲ್ಲ.