ಒಂದು ಡಬ್ಬಿ ಶೇಂಗಾ ಚಟ್ನಿಪುಡಿ

ನನ್ನಾಕಿ ತೀರಿಕೊಳ್ಳುವ ಮುಂಚೆ ಕುಟ್ಟಿಟ್ಟ ಶೇಂಗಾ ಚಟ್ನಿಪುಡಿ ಒಂದೇ ಡಬ್ಬಿ ಉಳಿದಿತ್ತು. ಹ್ಯೂಸ್ಟನ್ನಿನಲ್ಲಿ ಗಗನಯಾತ್ರಿಗಳು ತಯಾರಾಗುವ ಕಡೆ ನಾನು ಕ್ಯಾಂಟೀನಿನ ಅಡಿಗೆಯವ. ಈ ಸಲ ಮೇಲೆ ಹೋಗುವವರಲ್ಲಿ ಒಬ್ಬಾಕಿ ನಮ್ಮ ಹುಬ್ಬಳ್ಳಿಯವರ ಮಗಳು. ಡಬ್ಬಿ ಅವಳ ಮುಂದಿಟ್ಟೆ.

"ಒಯ್ಯವಾ, ಅಲ್ಲಿ ಬಾಯಿ ಕೆಟ್ಟಾಗ ತಿನ್ನಾಕ."

"ಅಂಕಲ್, ಪುಡಿ ನಾಟ್ ಅಲೌಡ್. ಹಾರಾಡಿ ಕಣ್ಣಿಗೆ, ಮಷೀನಿಗೆ ಹೋಗುತ್ತೆ."

"ಎಣ್ಣಿ ಹಾಕಿ ಕಲಸಿದರ?"

"ಮನೇದು ಏನೂ ಬಿಡಲ್ಲ ಅಂಕಲ್."

ನನ್ನ ಮುಖ ಸಣ್ಣದಾಯಿತು. ಅವಳು ನೋಡಿದಳು. ಚಪಾತಿ ಮೇಲೆ ಪುಡಿ ಸುರಿದು, ಸುತ್ತಿಕೊಂಡು ತಿಂದಳು.

"ಹೋಗೋವರೆಗೂ ದಿನಾ ಕೊಡಿ. ಹೊಟ್ಟೇನ ಯಾರು ಚೆಕ್ ಮಾಡ್ತಾರೆ?"

ಡಬ್ಬಿ ಖಾಲಿಯಾಯಿತು. ಅವಳು ಹೋದಳು. ವಿಮಾನದಲ್ಲಿ ಕಣ್ಣು ಮುಚ್ಚಿ ನನ್ನ ಕೈ ಹಿಡಿದು ಕೂಡುತ್ತಿದ್ದ ನನ್ನಾಕಿಯ ಪುಡಿ ಅಷ್ಟೆತ್ತರ ಹೋಯಿತು. ಇದನ್ನು ಕೇಳಿದ್ದರೆ, "ಉಪ್ಪು ಸರಿ ಇತ್ತಂತೇನ್ರಿ?" ಅಂತ ಅಷ್ಟೇ ಕೇಳುತ್ತಿದ್ದಳು.